ಒಂಟಿ ಬಿಡಿಭಾಗವನ್ನು ಮಾಡಿಸುವ ಬಗೆ

ಪ್ರಯೋಗಕ್ಕೆ ಬೇಕಾದ ಸಾಮಗ್ರಿಗಳಲ್ಲಿ ಬಹುಪಾಲು ಅಂಗಡಿಯಲ್ಲಿ ದೊರೆಯುತ್ತವೆ. ಆದರೆ ಹೊಸದಾಗಿ ಕಲ್ಪಿಸಿದ ಉಪಕರಣದ ಯಾವುದೋ ಒಂದು ಸಣ್ಣ ಭಾಗ ಎಲ್ಲಿಯೂ ದೊರೆಯದೆ ಇಡೀ ಕಾರ್ಯವೇ ನಿಂತುಹೋಗುವುದುಂಟು. ಅಂಥ ಭಾಗವನ್ನು ಯಾರಿಂದ, ಹೇಗೆ ಮಾಡಿಸಬೇಕೆಂಬುದನ್ನು ಒಂದು ನಿದರ್ಶನದ ಮೂಲಕ ಇಲ್ಲಿ ವಿಚಾರಿಸುತ್ತೇವೆ.

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಗ್ರಾಮದ ಎರೆಹೊಲವೊಂದರಲ್ಲಿ ಹಿಂಗಾರಿ ಜೋಳವನ್ನು ಬಿತ್ತಲು ಹೊಸ ಬಗೆಯ ಕೂರಿಗೆಯನ್ನು ಪರೀಕ್ಷಿಸಬೇಕಾಗಿದೆ ಎಂದು ಭಾವಿಸೋಣ. ಬೀಜವನ್ನು ಅಳೆದು ಬಿಡುವ ಉರುಳೆಯ ದಂಡ 20 ಮಿ.ಮೀ. ವ್ಯಾಸದ್ದು. ಅದು ತಿರುಗುವುದಕ್ಕೆ ಒಂದು ಗನ್‌ಮೆಟಲ್ ಬುಷ್ ಬೇಕು. ಬುಷ್ ಬಿಗಿಯಾದರೆ ಉರುಳೆ ತಿರುಗದು. ಸಡಿಲವಾದರೆ ದಂಡ ಅಲುಗಿ ಬೀಜದ ಪ್ರಮಾಣ ಕೆಡುವುದು. ಬಿತ್ತನೆಯಾದರೋ ಸೆಪ್ಟೆಂಬರ್–ಅಕ್ಟೋಬರ್‌ಗಳಲ್ಲಿ ನೆಲದ ಹಸಿ ಆರುವ ಮೊದಲೇ ಆಗಬೇಕು. ಆ ಹದ ತಪ್ಪಿದರೆ ಪ್ರಯೋಗ ಮುಂದಿನ ವರ್ಷಕ್ಕೆ ಹೋಗುತ್ತದೆ.

ಮೊದಲನೆಯ ಪ್ರಶ್ನೆ, ಯಾರ ಬಳಿಗೆ ಹೋಗಬೇಕೆಂಬುದು. ಯಂತ್ರವನ್ನು ಅಣಿಗೊಳಿಸುವ ಶ್ರಮ ಒಂದು ಬುಷ್‌ಗೂ ನೂರು ಬುಷ್‌ಗಳಿಗೂ ಹೆಚ್ಚುಕಡಿಮೆ ಒಂದೇ. ಆದುದರಿಂದ ದೊಡ್ಡ ಕಾರ್ಖಾನೆಗಳು ಒಂಟಿ ಕೆಲಸವನ್ನು ಸಾಮಾನ್ಯವಾಗಿ ಒಲ್ಲವು. ಟ್ರ್ಯಾಕ್ಟರು, ಪಂಪುಗಳ ದುರಸ್ತಿಯನ್ನೇ ನಂಬಿದ ಪಟ್ಟಣದ ಲೇತ್ ಅಂಗಡಿಗೆ ಒಂಟಿ ಕೆಲಸವೇ ನಿತ್ಯದ ಕೆಲಸ. ನಮ್ಮ ಬುಷ್‌ಗೆ ಅದೇ ತಕ್ಕ ಸ್ಥಳ. ಹಲ್ಲುಚಕ್ರ, ಅಚ್ಚು ಅಥವಾ ಹದಗೊಳಿಸಿದ ಉಕ್ಕಿನ ಭಾಗ ಬೇಕಾದಾಗ ಮಾತ್ರ ಹೆಚ್ಚಿನ ಸಲಕರಣೆಯುಳ್ಳ ಕಾರ್ಯಾಗಾರವನ್ನು ಅರಸಬೇಕು. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಇಂಥ ಸೂಕ್ಷ್ಮ ಕಾರ್ಯಕ್ಕೆಂದೇ ಹುಟ್ಟಿದ ಸಂಸ್ಥೆ. ಅದರ ಶಾಖೆಗಳು ಇತರ ಜಿಲ್ಲೆಗಳಲ್ಲಿಯೂ ಇವೆ.

ಎರಡನೆಯದು ನಕ್ಷೆ. "ದಂಡಕ್ಕೆ ಸರಿಯಾಗಿ ಕೂಡಬೇಕು" ಎಂಬ ಬಾಯಿಮಾತು ಸಾಲದು. ದಂಡದ ವ್ಯಾಸ 19.96ರಿಂದ 19.98 ಮಿ.ಮೀ. ಒಳಗಿದ್ದು, ಬುಷ್‌ನ ರಂಧ್ರ 20.00ರಿಂದ 20.02 ಮಿ.ಮೀ. ಒಳಗಿದ್ದರೆ, ಎಣ್ಣೆಯ ಪೊರೆ ನಿಲ್ಲುವಷ್ಟು ತೆರಪು ಉಳಿದು ದಂಡ ಸಲೀಸಾಗಿ ತಿರುಗುತ್ತದೆ. ಬರಿಯ ಬೈರಿಗೆಯಿಂದ ಈ ನಿಖರತೆ ಬಾರದು. ರೀಮರ್‌ನಿಂದ ರಂಧ್ರವನ್ನು ನಯಗೊಳಿಸಬೇಕಾಗುತ್ತದೆ. ಆದರೆ ಬುಷ್‌ನ ಉದ್ದ ಅರ್ಧ ಮಿ.ಮೀ. ಹೆಚ್ಚುಕಡಿಮೆಯಾದರೂ ಬಾಧಕವಿಲ್ಲ. ಎಲ್ಲ ಅಳತೆಗಳಿಗೂ ಒಂದೇ ನಿಖರತೆಯನ್ನು ಬಯಸಿದರೆ ಕೂಲಿ ಏರುವುದಲ್ಲದೆ, ಯಾವ ಅಳತೆ ನಿಜವಾಗಿ ಮುಖ್ಯವೆಂಬುದೂ ಕುಶಲಕರ್ಮಿಗೆ ತಿಳಿಯದೆಹೋಗುತ್ತದೆ.

ತಿರುಪಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಹಳೆಯ ಉಪಕರಣಗಳಲ್ಲಿ, 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಸೂಚಿಸಿದ ಅಂಗುಲದ ತಿರುಪುಗಳು ಇಂದಿಗೂ ಕಾಣಸಿಗುತ್ತವೆ. ಅವುಗಳಲ್ಲಿ 3/8 ಅಂಗುಲದ ಬೋಲ್ಟಿನ ವ್ಯಾಸ 9.525 ಮಿ.ಮೀ.; ಎಳೆಯಿಂದ ಎಳೆಗೆ ಅಂತರ ಸುಮಾರು 1.59 ಮಿ.ಮೀ. 10 ಮಿ.ಮೀ. ಮೆಟ್ರಿಕ್ ಬೋಲ್ಟಿನಲ್ಲಿ ಈ ಅಂತರ 1.5 ಮಿ.ಮೀ. ಕಣ್ಣಿಗೆ ಎರಡೂ ಒಂದೇ ಎನಿಸಿದರೂ ಒಂದರ ನಟ್ಟು ಇನ್ನೊಂದಕ್ಕೆ ಹೊಂದದು. ಆದುದರಿಂದ ಎಳೆಗಳನ್ನು ಗೇಜಿನಿಂದ ಅಳೆದು ನಕ್ಷೆಯಲ್ಲಿ ಬರೆಯತಕ್ಕದ್ದು.

ಕೊನೆಯದಾಗಿ, ನಕ್ಷೆಯೊಡನೆ ದಂಡವನ್ನೂ ಕೊಂಡೊಯ್ದು, ಆ ಭಾಗ ಮಾಡಬೇಕಾದ ಕಾರ್ಯವನ್ನು ವಿವರಿಸಿ, "ಇದನ್ನು ಇನ್ನೂ ಸುಲಭವಾಗಿ ಮಾಡಬಹುದೇ?" ಎಂದು ಕೇಳಬೇಕು. ಒಳಮೂಲೆಯನ್ನು ಸ್ವಲ್ಪ ದುಂಡಗೆ ಬಿಡಿರೆಂದೋ, ಬುಷ್‌ನ ಹೊರವ್ಯಾಸವನ್ನು ದೊರೆಯುವ ಸರಳಿನ ಗಾತ್ರಕ್ಕೆ ಹೊಂದಿಸಿರೆಂದೋ ಬರುವ ಸಲಹೆ ದಿನಗಳನ್ನು ಉಳಿಸೀತು. ಒಂದರ ಬದಲು ಎರಡು ಬುಷ್ ಮಾಡಿಸುವುದು ಲೇಸು. ಎರಡನೆಯದಕ್ಕೆ ತಗಲುವ ಹೆಚ್ಚಿನ ವೆಚ್ಚ ಅಲ್ಪ. ಕೂಲಿಯನ್ನು ಲೋಹದ ತೂಕದಿಂದ ಎಣಿಸದೆ ಕೆಲಸದ ಹೊತ್ತಿನಿಂದ ಎಣಿಸುವುದು ನ್ಯಾಯ. ಅಂಗಡಿಯಲ್ಲಿಯೇ ದಂಡವನ್ನು ತೊಡಿಸಿ ನೋಡಿ, ಬದಲಾದ ಅಳತೆಗಳನ್ನು ನಕ್ಷೆಯಲ್ಲಿ ಅಂದೇ ತಿದ್ದಿ ವಿಭಾಗದಲ್ಲಿ ಕಾದಿಡಬೇಕು. ಹೊಲದಲ್ಲಿ ಬುಷ್ ಸವೆದ ದಿನ, ಅಂಥದೇ ಇನ್ನೊಂದನ್ನು ಹದ ತಪ್ಪುವ ಮುನ್ನ ಮಾಡಿಸಲು ಆ ತಿದ್ದಿದ ನಕ್ಷೆಯೇ ನಮಗೆ ಆಧಾರ.