ತುಬಬಾವೊ ದಾಟಿ ಬಂದವರ ಪಿರೋಷ್ಕಿ

ಸ್ಯಾನ್ ಫ್ರಾನ್ಸಿಸ್ಕೋದ ರಿಚ್ಮಂಡ್ ಬಡಾವಣೆ ಮಂಜಿಗೆ ಹೆಸರುವಾಸಿ. ಪೆಸಿಫಿಕ್ ಸಾಗರದಿಂದ ಬೀಸುವ ಥಂಡಿ ಗಾಳಿಗೆ ಏನಾದರೂ ಬಿಸಿಬಿಸಿ ತಿನ್ನಬೇಕು ಅನಿಸುತ್ತದೆ. ಅಲ್ಲಿನ ಬಾಲ್ಬೋವಾ ಬೀದಿಯ ಸಿಂಡರೆಲಾ ಬೇಕರಿ 1953ರಿಂದ ಈ ಹಸಿವನ್ನು ತಣಿಸುತ್ತ ಬಂದಿದೆ. ರಷ್ಯನ್ ಬೇಕರಿ ಇದು. ರೈ ಬ್ರೆಡ್ಡು, ಪದರ ಪದರದ ನೆಪೋಲಿಯನ್ ಕೇಕು, ಬೀಟ್‌ರೂಟ್ ಹಾಕಿದ ಬೋರ್ಷ್ ಎಂಬ ಸಾರು ಎಲ್ಲ ಸಿಗುತ್ತವೆ. ಆದರೆ ಮೊದಲು ತಿನ್ನಬೇಕಾದದ್ದು ಪಿರೋಷ್ಕಿ. ಹಾಲು, ಮೊಟ್ಟೆ, ಬೆಣ್ಣೆ ಹಾಕಿ ನಾದಿ ಹುದುಗು ಬರಿಸಿದ ಮೆತ್ತನೆಯ ಹಿಟ್ಟು. ಒಳಗೆ ಈರುಳ್ಳಿಯೊಂದಿಗೆ ಹುರಿದ ಕೈಮಾ, ಇಲ್ಲವೇ ಎಲೆಕೋಸು, ಆಲೂಗಡ್ಡೆ, ಅಣಬೆ. ಮಾಂಸ ತಿನ್ನದವರು ಎಲೆಕೋಸಿನದನ್ನು ಕೇಳಬಹುದು. ಮೊಟ್ಟೆಯೂ ಬೇಡ ಎನ್ನುವವರು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು.

ಈ ಬಡಾವಣೆಗೆ ಅಷ್ಟೊಂದು ರಷ್ಯನ್ನರು ಎಲ್ಲಿಂದ ಬಂದರು? ಎಲ್ಲರೂ ನೇರ ರಷ್ಯಾದಿಂದಲ್ಲ. 1917ರ ಕ್ರಾಂತಿಯ ನಂತರ ಊರು ಬಿಟ್ಟ ಎಷ್ಟೋ ಕುಟುಂಬಗಳು ಚೀನಾದ ಹಾರ್ಬಿನ್, ಶಾಂಘೈಗಳಲ್ಲಿ ನೆಲೆಸಿದ್ದವು. 1949ರಲ್ಲಿ ಕಮ್ಯುನಿಸ್ಟ್ ಸೇನೆ ಶಾಂಘೈಯತ್ತ ಬಂದಾಗ ಅವರು ಮತ್ತೊಮ್ಮೆ ಗಂಟುಮೂಟೆ ಕಟ್ಟಬೇಕಾಯಿತು. ಯಾವ ದೇಶದ ಪ್ರಜೆಗಳೂ ಅಲ್ಲದ ಇವರಿಗೆ ಆಗ ಬಾಗಿಲು ತೆರೆದದ್ದು ಫಿಲಿಪ್ಪೀನ್ಸ್. ಯುದ್ಧದಲ್ಲಿ ನುಚ್ಚುನೂರಾಗಿ, ಸ್ವಾತಂತ್ರ್ಯ ಬಂದು ಇನ್ನೂ ಮೂರು ವರ್ಷ ತುಂಬದ ಬಡ ದೇಶ ಅದು. ಅಧ್ಯಕ್ಷ ಎಲ್ಪಿಡಿಯೊ ಕಿರಿನೊ ಒಪ್ಪಿಗೆ ಕೊಟ್ಟರು. ಗಿವಾನ್ ಪಟ್ಟಣದ ಪಕ್ಕದ ತುಬಬಾವೊ ಎಂಬ ಪುಟ್ಟ ದ್ವೀಪದಲ್ಲಿ 5,000ಕ್ಕೂ ಹೆಚ್ಚು ಜನ ಇಳಿದರು. ಸೈನ್ಯದ ಹಳೆಯ ಡೇರೆಗಳೇ ಮನೆ, ಸಾಮೂಹಿಕ ಅಡುಗೆಮನೆಯೇ ಊಟದ ದಾರಿ. ನಾಲ್ಕು ತಿಂಗಳ ಮಟ್ಟಿಗೆ ಎಂದು ಬಂದವರಲ್ಲಿ ಹಲವರು ಎರಡು ವರ್ಷಕ್ಕೂ ಮೀರಿ ಉಳಿದರು.

ಅವರ ಜೊತೆಗಿದ್ದ ಧರ್ಮಗುರು ಜಾನ್ ಮ್ಯಾಕ್ಸಿಮೊವಿಚ್ ವಾಷಿಂಗ್ಟನ್‌ಗೆ ಹೋಗಿ ನಿರಾಶ್ರಿತರ ಪರವಾಗಿ ಅಹವಾಲು ಸಲ್ಲಿಸಿದರು. ಅಮೆರಿಕ 1950ರಲ್ಲಿ ಕಾನೂನು ತಿದ್ದಿತು. ಹಲವರು ಆಸ್ಟ್ರೇಲಿಯಾಕ್ಕೆ ಹೋದರು, ಹಲವರು ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಬಂದರು. ಗಿಯರಿ ರಸ್ತೆಯಲ್ಲಿ ಚಿನ್ನದ ಗುಮ್ಮಟಗಳ ಚರ್ಚಿದೆ. ಮುಂದೆ ಸಂತರೆಂದು ಘೋಷಿತರಾದ ಆ ಗುರುವಿನ ಪಾರ್ಥಿವ ಶರೀರವನ್ನು ಅಲ್ಲಿಯೇ ಇರಿಸಿದ್ದಾರೆ. ಬೇಕರಿಯಿಂದ ನಡೆದೇ ಹೋಗಬಹುದು.

ರಷ್ಯನ್ ತಿಂಡಿಗೆ ಫಿಲಿಪಿನೊ ರುಚಿ ಸೇರಿಸುತ್ತೇನೆಂದು ಇಂದಿನ ಬೇಕರಿಯವರು ಯಾರಾದರೂ ಹೊರಟರೆ ಅದನ್ನು ಫ್ಯಾಷನ್ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಸಿದವರ ಜೊತೆ ನೆಲ ಹಂಚಿಕೊಂಡ ಜನರ ನೆನಪು ಅದರಲ್ಲಿದೆ. ರುಚಿಯೂ ಒಗ್ಗುತ್ತದೆ. ಫಿಲಿಪಿನೊ ಬೇಕರಿಯ ಎನ್ಸೈಮಾಡ ಬನ್ನಿನ ಹಿಟ್ಟಿಗೂ ಹಾಲು, ಮೊಟ್ಟೆ, ಬೆಣ್ಣೆಯೇ ಆಧಾರ. ಸ್ಪೇನಿನವರಿಂದ ಕಲಿತ ಆ ಬನ್ನಿನ ಮೇಲೆ ಅವರು ಸಕ್ಕರೆಯ ಜೊತೆ ತುರಿದ ಚೀಸ್ ಉದುರಿಸುತ್ತಾರೆ. ಇನ್ನು ಉಬೆ ಎಂಬ ನೇರಳೆ ಗೆಣಸು. ಜೋಯಿಡಾದ ಗೆಡ್ಡೆಗೆಣಸಿನ ಮೇಳಕ್ಕೆ ಹೋದವರಿಗೆ ಆ ಬಳಗದ ಗೆಡ್ಡೆಗಳ ಪರಿಚಯ ಇದ್ದೇ ಇರುತ್ತದೆ. ಬೇಯಿಸಿ, ಅರೆದು, ಹಾಲು ಸಕ್ಕರೆ ಹಾಕಿ ಹಲ್ವದಂತೆ ಕೆದಕಿದರೆ ಸಿಹಿ ಹೂರಣ ಸಿದ್ಧ. ಪಿರೋಷ್ಕಿಯೊಳಗೆ ಅದು ಚೆನ್ನಾಗಿಯೇ ಕೂರುತ್ತದೆ.

ಸದ್ಯಕ್ಕೆ ರಷ್ಯನ್, ಫಿಲಿಪಿನೊ ತಿಂಡಿಗಳೆರಡನ್ನೂ ಒಂದೇ ದಿನ ತಿನ್ನಲು ಸುಲಭದ ದಾರಿ 28ನೇ ನಂಬರಿನ ಬಸ್ಸು. ರಿಚ್ಮಂಡ್ ಹಾದು ದಕ್ಷಿಣಕ್ಕೆ ಡೇಲಿ ಸಿಟಿಗೆ ಹೋಗುತ್ತದೆ. ಅಲ್ಲಿನ ಜನರಲ್ಲಿ ಸುಮಾರು ಮೂರನೇ ಒಂದು ಭಾಗ ಫಿಲಿಪಿನೊ ಮೂಲದವರು. ಅಲ್ಲಿ ಕೇಳಬೇಕಾದದ್ದು ಪಾನ್ ದೆ ಸಾಲ್ ಎಂಬ ಬನ್ನು. ಹಿಟ್ಟನ್ನು ಕೋಲಿನಂತೆ ಉದ್ದಕ್ಕೆ ಹೊಸೆದು, ಬ್ರೆಡ್ ಪುಡಿಯಲ್ಲಿ ಹೊರಳಿಸಿ, ತುಂಡು ಮಾಡಿ, ಕತ್ತರಿಸಿದ ಮೈ ಮೇಲೆ ಬರುವಂತೆ ತಟ್ಟೆಗೆ ಜೋಡಿಸಿ ಸುಡುತ್ತಾರೆ. ಬೆಳಗಿನ ಕಾಫಿಗೆ ಒಲೆಯಿಂದ ಆಗತಾನೆ ತೆಗೆದದ್ದೇ ಆಗಬೇಕು, ಹಾಗಾಗಿ ಬೇಗ ಹೊರಡಿ.