ಹೆಂಚು, ನಿಘಂಟು ಮತ್ತು ಒಂದು ಪ್ರಶ್ನೆ

ಈ ಬಾರಿ ಊರಿಗೆ ಹೋದಾಗ ಹಳೆಯ ಮನೆಯ ಮಾಡನ್ನೊಮ್ಮೆ ತಲೆಯೆತ್ತಿ ನೋಡಿ. ನೀವು ಕರಾವಳಿಯವರಾದರೆ ಹೆಂಚಿನ ಮೇಲೆ 'ಬಾಸೆಲ್ ಮಿಶನ್' ಎಂಬ ಅಚ್ಚು ಕಣ್ಣಿಗೆ ಬಿದ್ದರೂ ಬಿದ್ದೀತು. ಧರ್ಮಪ್ರಚಾರಕ್ಕೆ ಬಂದವರಿಗೆ ಹೆಂಚಿನ ಗೊಡವೆ ಏಕೆ ಬೇಕಾಯಿತೆಂದು ಎಂದಾದರೂ ಯೋಚಿಸಿದ್ದೀರಾ?

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಮಿಶನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಮಾತು ಕೇಳಿ ಮತ ಬದಲಿಸಿದವರಿಗೆ ಜಾತಿ ಹೋಯಿತು. ಹಲವರಿಗೆ ಅದರ ಬೆನ್ನಿಗೇ ಮನೆ, ಕಸುಬುಗಳೂ ಹೋದವು. ನೇಯ್ಗೆಯ ಮಗ್ಗಗಳು ಬಂದದ್ದು, 1865ರಲ್ಲಿ ಜಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಎದ್ದದ್ದು ಬಹುಮಟ್ಟಿಗೆ ಇವರ ಹೊಟ್ಟೆಪಾಡಿಗಾಗಿ. ಮತಾಂತರಕ್ಕೆ ಬೆಲೆಯಿತ್ತು, ಅದನ್ನು ತೆತ್ತವರು ನಮ್ಮ ನೆಲದವರೇ ಎಂಬುದನ್ನು ಮರೆಯದಿರೋಣ.

ಇನ್ನು ಭಾಷೆಯ ಮಾತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ದಶಕಗಳ ಕಾಲ ದುಡಿದು, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಪ್ರಕಟಿಸಿದರು. ಇವರೆಲ್ಲ ಬಂದದ್ದು ಮತಾಂತರಕ್ಕೇ. ಅದನ್ನು ಮುಚ್ಚಿಡುವುದು ಬೇಡ. ಆದರೆ ಹೇಳಲು ಬಂದವರು ಮೊದಲು ಕೇಳಲು ಕೂರಬೇಕಾಯಿತು. ನಮಗೆ ಉಳಿದದ್ದು ಆ ಕೇಳಿಕೆಯ ಫಲ.

ಇದಕ್ಕೆ ತೀರ ವಿರುದ್ಧವಾದ ಚಿತ್ರವೊಂದು ನಮ್ಮ ಕಾಲದ್ದೇ ಇದೆ. 2018ರ ನವೆಂಬರಿನಲ್ಲಿ ಜಾನ್ ಅಲೆನ್ ಚೌ ಎಂಬ 26ರ ಅಮೆರಿಕನ್ ತರುಣ ಮೀನುಗಾರರಿಗೆ ಹಣಕೊಟ್ಟು ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋದ. ಅಲ್ಲಿಗೆ ಹೋಗುವುದು ಕಾನೂನುಬಾಹಿರ. ಅಲ್ಲಿನವರ ಭಾಷೆ ಹೊರಗಿನ ಯಾರಿಗೂ ತಿಳಿಯದು. ಹೊರಗಿನ ಸಾಮಾನ್ಯ ಕಾಯಿಲೆಯೂ ಅವರ ಪಾಲಿಗೆ ಮೃತ್ಯುವಾಗಬಹುದು. ದ್ವೀಪವಾಸಿಗಳು ಆತನನ್ನು ಕೊಂದರು. ಆತನ ಶ್ರದ್ಧೆಯನ್ನು ಸಂಶಯಿಸಬೇಕಾಗಿಲ್ಲ. ಆದರೆ 'ಬೇಡ' ಎಂದವರ ಮಾತಿಗೆ ಬೆಲೆಯಿಲ್ಲವೆ?

ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಹಕ್ಕಿನ ಜೊತೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ತನ್ನ ನಂಬಿಕೆಯನ್ನು ತಿಳಿಯಹೇಳುವುದು ಹಕ್ಕು, ಇನ್ನೊಬ್ಬನನ್ನು ಮತಾಂತರಿಸುವುದು ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಮನಸ್ಸು ಬದಲಿಸುವ ಸ್ವಾತಂತ್ರ್ಯ ಕೇಳುವವನದು ಎಂದು ನಾವು ಇದನ್ನು ಅರ್ಥಮಾಡಿಕೊಂಡರೆ ಸಾಕು. ಬದಲಿಸಬೇಡವೆಂದು ಬೆದರಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ಕಾಲ ಅವರನ್ನೂ ಬದಲಿಸಿತು. 1914ರ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಬಂಧಿಸಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿದವು. ಸಭೆಗಳು ಮಾತ್ರ ಉಳಿದವು, ಏಕೆಂದರೆ ಅಷ್ಟರಲ್ಲಿ ಅವು ಇಲ್ಲಿನವರದಾಗಿದ್ದವು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ ಮಂಗಳೂರಿನವರೂ ಸೇರಿದರು. ಬಾಸೆಲಿನ ಮೂಲ ಸಂಸ್ಥೆ 2001ರಲ್ಲಿ 'ಮಿಶನ್ 21' ಎಂಬ ಒಕ್ಕೂಟದಲ್ಲಿ ಒಂದಾಯಿತು.

ಪರಊರಲ್ಲಿ ನೆಲೆಸಿದ ನಮ್ಮ ಬಾಗಿಲನ್ನೂ ಆಗಾಗ ಯಾರೋ ಕರಪತ್ರ ಹಿಡಿದು ತಟ್ಟುತ್ತಾರೆ. ನೀವು ಒಪ್ಪಬೇಕೆಂದಿಲ್ಲ, ಗದರಬೇಕೆಂದೂ ಇಲ್ಲ. ಆತ ನಿಮ್ಮ ಮಾತನ್ನೂ ಕೇಳಬಲ್ಲನೇ ಎಂದು ನೋಡಿ. ಆತನ ಮಾತನ್ನು ಕೇಳುವಷ್ಟು ವ್ಯವಧಾನ ನಮಗೂ ಇದೆಯೇ ಎಂದು, ಬಾಗಿಲು ಹಾಕುವ ಮುನ್ನ, ಕೇಳಿಕೊಳ್ಳಿ.