ಸೊನ್ನೆ ಬೇರೆ, ಗೈರು ಬೇರೆ: ಪಿಎಚ್‌ಪಿ ಜಾಲತಾಣದಲ್ಲಿ ದೋಷ ನಿರ್ವಹಣೆ

ಗುರುಗಳೇ, ಪರೀಕ್ಷೆಗೆ ಬಾರದ ಮಗುವಿನ ಹೆಸರಿನ ಮುಂದೆ ನಾವು ‘ಗೈರು’ ಅಂತ ಬರೀತೀವಿ, ಸೊನ್ನೆ ಹಾಕೋದಿಲ್ಲ. ಸೊನ್ನೆ ಅಂದ್ರೆ ಮಗು ಬರೆದೂ ಅಂಕ ಬರಲಿಲ್ಲ. ಗೈರು ಅಂದ್ರೆ ಅದಕ್ಕೆ ಎಷ್ಟು ಬರುತ್ತಿತ್ತೋ ನಮಗೆ ಗೊತ್ತಿಲ್ಲ. ಈ ವ್ಯತ್ಯಾಸವನ್ನು ಒಂದು ಜಾಲತಾಣ ಮರೆತರೆ ಏನಾದೀತು?

ಮಳೆಗಾಲ ಬಂತೆಂದರೆ ಸಾಂಗಲಿ–ಮಿರಜದವರ ಕಣ್ಣೆಲ್ಲ ಕೃಷ್ಣೆಯ ಆಯರ್ವಿನ್ ಸೇತುವೆಯ ಮೇಲೆ. ಅಲ್ಲಿ ನೀರು 40 ಅಡಿ ಮುಟ್ಟಿದರೆ ಎಚ್ಚರಿಕೆ, 45 ಅಡಿ ಮುಟ್ಟಿದರೆ ಅಪಾಯ. 2005 ಮತ್ತು 2019ರ ಮಹಾಪೂರ ಕಂಡವರಿಗೆ ಈ ಎರಡು ಅಂಕಿ ಬಾಯಿಪಾಠ. ಒಂದು ಶಾಲೆ ಪಾಲಕರಿಗಾಗಿ ಪಿಎಚ್‌ಪಿಯಲ್ಲಿ ಸಣ್ಣ ಪುಟ ಮಾಡಿದೆ ಅಂತ ಇಟ್ಟುಕೊಳ್ಳಿ. ಮುಂಜಾನೆ ಒಬ್ಬರು ನೀರಿನ ಮಟ್ಟ ತುಂಬುತ್ತಾರೆ. ಅದು 40ಕ್ಕಿಂತ ಕಡಿಮೆ ಇದ್ದರೆ ಪುಟದಲ್ಲಿ ‘ಆತಂಕವಿಲ್ಲ’ ಎಂದು ಬರುತ್ತದೆ.

ಒಂದು ದಿನ ಮಟ್ಟ 43 ಅಡಿ. ತುಂಬುವವರು ಕನ್ನಡ ಕೀಲಿಮಣೆಯಲ್ಲಿ ‘೪೩’ ಎಂದು ಒತ್ತಿದರು. ನಮ್ಮ ಗಡಿಭಾಗದಲ್ಲಿ ಮರಾಠಿ ಅಂಕಿ ಒತ್ತುವವರೂ ಇದ್ದಾರೆ. ಪಿಎಚ್‌ಪಿಗೆ 0ಯಿಂದ 9ರವರೆಗಿನ ಸಾಮಾನ್ಯ ಅಂಕಿಗಳಷ್ಟೇ ಸಂಖ್ಯೆ. ಉಳಿದದ್ದೆಲ್ಲ ಬರೀ ಅಕ್ಷರ. ‘೪೩’ನ್ನು ಬಲವಂತವಾಗಿ ಪೂರ್ಣಾಂಕ ಮಾಡು ಎಂದರೆ ಅದು ಸದ್ದಿಲ್ಲದೆ 0 ಕೊಡುತ್ತದೆ. 0 ಎಂಬುದು 40ಕ್ಕಿಂತ ಕಡಿಮೆ. ಪುಟ ‘ಆತಂಕವಿಲ್ಲ’ ಅನ್ನುತ್ತದೆ! ಎಲ್ಲೂ ದೋಷದ ಸಂದೇಶವಿಲ್ಲ. ಕೆಟ್ಟು ನಿಂತ ಪುಟಕ್ಕಿಂತ ಇದು ಹೆಚ್ಚು ಅಪಾಯ.

ಪರಿಹಾರ ಬಾಗಿಲಲ್ಲೇ ಇದೆ. ಪಿಎಚ್‌ಪಿಯ ‘ಫಿಲ್ಟರ್ ವಾರ್’ ಎಂಬ ಸೌಲಭ್ಯಕ್ಕೆ ‘ಇದು ಪೂರ್ಣಾಂಕವೇ?’ ಎಂದು ಕೇಳಿದರೆ, ಅಲ್ಲದಿದ್ದಾಗ ‘ಫಾಲ್ಸ್’ ಎನ್ನುತ್ತದೆ. ಇದೇ ನಮ್ಮ ‘ಗೈರು’. ಒಂದು ಎಚ್ಚರ ಬೇಕು: ಎರಡು ಸಮಚಿಹ್ನೆಯಿಂದ ಹೋಲಿಸಿದರೆ ಫಾಲ್ಸ್ ಮತ್ತು 0 ಎರಡೂ ಒಂದೇ ಎನಿಸುತ್ತವೆ. ಮೂರು ಸಮಚಿಹ್ನೆ ಹಾಕಿದರೆ ಮಾತ್ರ ಬೇರೆಬೇರೆ. ಆಮೇಲೆ ಮಿತಿಯನ್ನೂ ನೋಡಿ. ‘-5’ ಕೂಡ ಪೂರ್ಣಾಂಕವೇ, ಕೈತಪ್ಪಿ ಒತ್ತಿದ 430 ಕೂಡ. ಬಳಕೆದಾರರನ್ನು ಗದರಬೇಡಿ, ‘ಮಟ್ಟವನ್ನು 43 ಎಂಬಂತೆ ಬರೆಯಿರಿ’ ಎಂದು ದಾರಿ ತೋರಿಸಿ. ಇನ್ನೂ ಚೆಂದ ಅಂದ್ರೆ, ಕನ್ನಡ, ಮರಾಠಿ ಅಂಕಿಗಳನ್ನು ಪ್ರೋಗ್ರಾಮೇ ಮೊದಲು ಬದಲಿಸಿಕೊಳ್ಳಲಿ.

ಇನ್ನೊಂದು ಬಗೆಯ ದೋಷ ಹೊರಗಿನಿಂದ ಬರುತ್ತದೆ, ಡೇಟಾಬೇಸ್ ಸಿಗದಿದ್ದಾಗ. ಇಂಥದ್ದಕ್ಕೆ 2004ರಲ್ಲಿ ಪಿಎಚ್‌ಪಿ 5 ‘ಟ್ರೈ–ಕ್ಯಾಚ್’ ತಂದಿತು. ಅಪಾಯದ ಕೆಲಸವನ್ನು ‘ಟ್ರೈ’ ಒಳಗೆ ಇಡುತ್ತೇವೆ. ಅದು ಕೈಕೊಟ್ಟರೆ ಮಾಡಬೇಕಾದ್ದನ್ನು ‘ಕ್ಯಾಚ್’ ಒಳಗೆ ಬರೆಯುತ್ತೇವೆ. 2015ರ ಪಿಎಚ್‌ಪಿ 7ರಿಂದ ‘ಥ್ರೋಯಬಲ್’ ಎಂದು ಬರೆದರೆ ಎಕ್ಸೆಪ್ಷನ್, ಎರರ್ ಎರಡೂ ಸಿಕ್ಕಿಬೀಳುತ್ತವೆ.

ಹಿಡಿದ ಮೇಲೆ ಏನು ಮಾಡೋದು? ಕೇಳುವವರು ಇಬ್ಬರು. ಪಾಲಕರಿಗೆ ಬೇಕಾದ್ದು ಸರಳ ಮಾತು: ‘ಈಗ ಮಾಹಿತಿ ಸಿಗುತ್ತಿಲ್ಲ. ದಯವಿಟ್ಟು ಆಡಳಿತದ ಸೂಚನೆ ನೋಡಿರಿ.’ ಕೊನೆಯ ಅಳತೆಯನ್ನು ಬೇರೆ ಕಡತದಲ್ಲಿ ಇಟ್ಟಿದ್ದರೆ, ದಿನಾಂಕ, ವೇಳೆ ಸಮೇತ ಅದನ್ನೂ ತೋರಿಸಬಹುದು. ಪುಟ ನೋಡಿಕೊಳ್ಳುವವರಿಗೆ ಬೇಕಾದ್ದು ಕಡತದ ಹೆಸರು, ಸಾಲಿನ ಸಂಖ್ಯೆ, ಕಾರಣ. ಅದು ಲಾಗ್ ಕಡತಕ್ಕೆ ಹೋಗಲಿ. ಆದ್ದರಿಂದ ಸಾರ್ವಜನಿಕ ಜಾಲತಾಣದಲ್ಲಿ ‘ಡಿಸ್‌ಪ್ಲೇ ಎರರ್ಸ್’ ಆಫ್, ‘ಲಾಗ್ ಎರರ್ಸ್’ ಆನ್ ಇರಬೇಕು. ಇಲ್ಲದಿದ್ದರೆ ಡೇಟಾಬೇಸಿನ ಬಳಕೆದಾರನ ಹೆಸರೂ ಪರದೆಯ ಮೇಲೆ ಬಂದುಬಿಡಬಹುದು. ಜೊತೆಗೆ ಸರ್ವರ್ 503 ಎಂಬ ಸಂಕೇತ ಕಳಿಸಲಿ. ‘ಸದ್ಯಕ್ಕೆ ಸೇವೆ ಇಲ್ಲ’ ಎಂದು ಅದರರ್ಥ.

ಕ್ಯಾಚ್ ಒಳಗೆ ಏನೂ ಬರೆಯದೆ ಖಾಲಿ ಬಿಡುವುದು ಮಾತ್ರ ಬೇಡ್ರಿ. ಅದು ದೋಷ ನಿರ್ವಹಣೆ ಅಲ್ಲ, ಮುಚ್ಚಿಹಾಕೋದು.

ಕಂಪ್ಯೂಟರ್ ತರಗತಿಯಲ್ಲಿ ಮಕ್ಕಳಿಗೆ ಇಂಥದೊಂದು ಪುಟ ಕೊಟ್ಟು, ‘ಇದನ್ನು ಸೋಲಿಸಿರಿ’ ಎನ್ನಿ. 43, ೪೩, -5, 430, ಖಾಲಿ ಜಾಗ, ‘ನಲವತ್ತಮೂರು’ ಇವನ್ನೆಲ್ಲ ತುಂಬಿ ನೋಡಲಿ. ಕೊನೆಗೆ ಡೇಟಾಬೇಸನ್ನೇ ನಿಲ್ಲಿಸಲಿ. ಪ್ರತಿ ಸಲ ಒಂದೇ ಪ್ರಶ್ನೆ ಕೇಳಿರಿ: ಈ ಪುಟ ನೋಡಿದ ತಾಯಿ ಮಗುವನ್ನು ಶಾಲೆಗೆ ಕಳಿಸುತ್ತಾಳೋ, ಇಲ್ಲವೋ? ‘ಗೊತ್ತಿಲ್ಲ’ ಎಂದು ಹೇಳುವ ಪುಟವನ್ನು ಆಕೆ ನಂಬಬಹುದು. ಗೊತ್ತಿಲ್ಲದ ಕಡೆ ಸೊನ್ನೆ ಬರೆಯುವ ಪುಟವನ್ನು ನಂಬುವಂತಿಲ್ಲ.